ಯು ಇಲ್ಲದ ಕ್ಯೂ: ಪದದಾಟದಲ್ಲಿ ಎರವಲು ಪದಗಳ ಬೆಲೆ

(ಪದದಾಟದ ಆಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಪದಗಳನ್ನು ಇಲ್ಲಿ ಅಕ್ಷರ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ ಸ್ಕ್ರ್ಯಾಬಲ್. ಅದನ್ನು ಆಡುವವರಿಗೆಲ್ಲ ಗೊತ್ತಿರುವ ಸಂಕಟವೊಂದಿದೆ. ಕೈಯಲ್ಲಿ ಏಳು ಬಿಲ್ಲೆ, ಅದರಲ್ಲೊಂದು ಕ್ಯೂ. ಯು ಇಲ್ಲ. ಇಡೀ ಆಟದ 100 ಬಿಲ್ಲೆಗಳಲ್ಲಿ ಯು ಇರುವುದು ನಾಲ್ಕೇ, ಆ ನಾಲ್ಕೂ ಆಗಲೇ ಬೋರ್ಡ್ ಸೇರಿವೆ. ಚೀಲ ಖಾಲಿಯಾಗುತ್ತಿದೆ. ಕ್ಯೂ ಕೈಯಲ್ಲೇ ಉಳಿದರೆ ನಿಮ್ಮ ಲೆಕ್ಕದಿಂದ 10 ಅಂಕ ಹೋಗುತ್ತದೆ, ಮೊದಲು ಕೈ ಖಾಲಿ ಮಾಡಿದ ಎದುರಾಳಿಗೆ ಅದೇ 10 ಸೇರುತ್ತದೆ. ಒಟ್ಟಿಗೆ 20 ಅಂಕದ ಪೆಟ್ಟು. ಹೊಸಬರು ಇಂಥ ಹೊತ್ತಿನಲ್ಲಿ ಸರದಿ ಬಿಟ್ಟುಕೊಟ್ಟು ಬಿಲ್ಲೆ ಬದಲಾಯಿಸುತ್ತಾರೆ. ಪಳಗಿದವರು ಬೋರ್ಡಿನಲ್ಲಿ ಐ ಎಲ್ಲಿದೆ ಎಂದು ಹುಡುಕುತ್ತಾರೆ. ಅವರಿಗೆ ಕ್ಯೂ-ಐ ಎಂಬ ಎರಡಕ್ಷರದ ಪದ ಗೊತ್ತಿದೆ.

ಇವತ್ತು ನಾನು ಹೇಳಬೇಕೆಂದಿರುವುದು ಇಂಥ ಪದಗಳ ಬಗ್ಗೆ. ಇವು ಇಂಗ್ಲಿಷಿಗೆ ಬೇರೆ ಬೇರೆ ಭಾಷೆಗಳಿಂದ ಬಂದು ನಿಘಂಟಿನಲ್ಲಿ ಜಾಗ ಹಿಡಿದಿವೆ. ಮಾತಿನಲ್ಲಿ ಅಪರೂಪ, ಆಟದಲ್ಲಿ ಚಿನ್ನ. ಪಟ್ಟಿ ಕೊಡುವುದು ಸುಲಭ, ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಈ ಪದಗಳಿಗೆ ಇಷ್ಟೊಂದು ಬೆಲೆ ಯಾಕೆ ಬಂತು ಅನ್ನುವುದು ನನಗೆ ಹೆಚ್ಚು ಕುತೂಹಲದ ವಿಷಯ.

ಮೊದಲು ಅಂಕಗಳ ಮೂಲ ನೋಡೋಣ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಕಳೆದುಕೊಂಡಿದ್ದ ಆಲ್ಫ್ರೆಡ್ ಮೋಷರ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಈ ಆಟ ಕಟ್ಟಿದವರು. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ತಿಳಿಯಲು ಅವರು ಪತ್ರಿಕೆ ಹರಡಿಕೊಂಡು ಕೂತು ಎಣಿಸಿದರು. ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟವೂ ಆ ಎಣಿಕೆಯಲ್ಲಿತ್ತು. ಹೆಚ್ಚು ಸಲ ಸಿಕ್ಕ ಅಕ್ಷರಕ್ಕೆ ಹೆಚ್ಚು ಬಿಲ್ಲೆ, ಕಡಿಮೆ ಅಂಕ. ಹಾಗಾಗಿ ಇ 12 ಬಿಲ್ಲೆ, ತಲಾ 1 ಅಂಕ. ಕ್ಯೂ ಮತ್ತು ಝಡ್ ಒಂದೊಂದೇ ಬಿಲ್ಲೆ, 10 ಅಂಕ. ಜೆ, ಎಕ್ಸ್ 8. ಕೆ 5. 1948ರಲ್ಲಿ ಜೇಮ್ಸ್ ಬ್ರೂನೊ ಇದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರಿಟ್ಟು ಮಾರಾಟಕ್ಕೆ ತಂದರು.

ಬಟ್ಸ್ ಎಣಿಸಿದ್ದು ದಿನಪತ್ರಿಕೆಯ ಇಂಗ್ಲಿಷನ್ನು. ಆಟಗಾರರು ಆಡುವುದು ನಿಘಂಟಿನ ಇಂಗ್ಲಿಷನ್ನು. ಪತ್ರಿಕೆಯಲ್ಲಿ ಕ್ಯೂ ಬಂದರೆ ಹಿಂದೆಯೇ ಯು ಬರುತ್ತದೆ. ನಿಘಂಟಿನಲ್ಲಿ ಅರಬ್ಬಿ, ಚೀನೀ, ಹೀಬ್ರೂ, ಉತ್ತರ ಧ್ರುವದ ಕಡೆಯ ಇನುಯಿಟ್ ಜನರ ಪದಗಳೂ ಇವೆ, ಅವುಗಳ ಕ್ಯೂಗೆ ಯು ಬೇಕಿಲ್ಲ. ಒಂದು ಸಂತೆಯ ತೂಕದ ಕಲ್ಲಿನಲ್ಲಿ ಇನ್ನೊಂದು ಸಂತೆಯ ಮಾಲು ತೂಗಿದ ಹಾಗೆ ಇದು. ಆ ವ್ಯತ್ಯಾಸದಲ್ಲಿ ಲಾಭವಿದೆ, ಅಷ್ಟೇ.

ಹೊರಗಿನ ಪದಗಳನ್ನು ಆಟ ಒಪ್ಪುವುದು ಹೇಗೆ? ನಿಯಮ ಉದಾರವಾಗಿದೆ. ದೊಡ್ಡಕ್ಷರದಲ್ಲೇ ಬರೆಯಬೇಕಾದ ಹೆಸರು ಬೇಡ, ಸಂಕ್ಷೇಪ ಬೇಡ, ಹೈಫನ್ನಾಗಲಿ ಅಪಾಸ್ಟ್ರಫಿಯಾಗಲಿ ಬೇಕಾದ ಪದ ಬೇಡ. ಪರಭಾಷೆಯ ಪದ ಇಂಗ್ಲಿಷ್ ನಿಘಂಟಿನಲ್ಲಿ ಸೇರಿದ್ದರೆ ಅದು ಇಂಗ್ಲಿಷೇ ಆಯಿತು ಎಂದು ಲೆಕ್ಕ. ಹೀಗೆ ಎಲ್ಲವೂ ನಿಘಂಟುಕಾರರ ಕೈಗೆ ಹೋಗುತ್ತದೆ. ಅಮೆರಿಕದಲ್ಲಿ 1978ರಲ್ಲಿ ಮೊದಲ ಅಧಿಕೃತ ಆಟಗಾರರ ನಿಘಂಟು ಬಂತು. ಅಲ್ಲಿನ ಐದು ದೊಡ್ಡ ಕಾಲೇಜು ನಿಘಂಟುಗಳನ್ನು ಜಾಲಾಡಿ ಮಾಡಿದ್ದು ಅದು. ಬ್ರಿಟನ್ನಿನಲ್ಲಿ ಬಹುಕಾಲ ಆಧಾರವಾಗಿದ್ದದ್ದು ಚೇಂಬರ್ಸ್ ನಿಘಂಟು. ಚೇಂಬರ್ಸ್ ಎಡಿನ್‌ಬರೊದ್ದು. ಬ್ರಿಟಿಷ್ ಪಟ್ಟಿಯಲ್ಲಿ ಸ್ಕಾಟ್ಲೆಂಡಿನ ಮಾತುಗಳು ಯಾಕೆ ಅಷ್ಟು ದಂಡಿಯಾಗಿವೆ ಎಂದು ಕೇಳುವವರಿಗೆ ಅಲ್ಲೇ ಉತ್ತರವಿದೆ. ನಿಘಂಟು ಅಚ್ಚಾದ ಊರಿನ ಮಾತು ಪಟ್ಟಿಗೆ ಸಲೀಸಾಗಿ ನುಗ್ಗುತ್ತದೆ.

ಈಗ ಚಾಲ್ತಿಯಲ್ಲಿರುವುದು ಮುಖ್ಯವಾಗಿ ಎರಡು ಪಟ್ಟಿ. ಉತ್ತರ ಅಮೆರಿಕದ ಪಟ್ಟಿಯಲ್ಲಿ 1.9 ಲಕ್ಷಕ್ಕೂ ಹೆಚ್ಚು ಪದ. ಜಗತ್ತಿನ ಉಳಿದ ಬಹುಭಾಗ ಬಳಸುವ ಕಾಲಿನ್ಸ್ ಪಟ್ಟಿಯಲ್ಲಿ ಸುಮಾರು 2.8 ಲಕ್ಷ. ಇವೆರಡರ ನಡುವಿನ ವ್ಯತ್ಯಾಸದಲ್ಲಿ ಎರವಲು ಪದಗಳ ಪಾಲು ಚೆನ್ನಾಗಿಯೇ ಇದೆ.

ಈಗ ಕ್ಯೂ ವಿಷಯಕ್ಕೆ ಬರೋಣ. ಇದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಇಡೀ ಕಥೆ ಈ ಒಂದು ಅಕ್ಷರದಲ್ಲಿದೆ.

ಕ್ಯೂ ಹಿಂದೆ ಯು ಬರಲೇಬೇಕು ಅನ್ನುವುದು ಇಂಗ್ಲಿಷಿನ ಹುಟ್ಟುಗುಣವೇನೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಪದವನ್ನು ಸಿ-ಡಬ್ಲ್ಯೂ-ಇ-ಎನ್ ಎಂದು ಬರೆಯುತ್ತಿದ್ದರು, ಕ್ವಿಕ್ ಪದವನ್ನು ಸಿ-ಡಬ್ಲ್ಯೂ-ಐ-ಸಿ ಎಂದು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡಿಗೆ ಬಂದ ಮೇಲೆ ಅವರ ಲಿಪಿಕಾರರು ಫ್ರೆಂಚ್ ಪದ್ಧತಿಯ ಕ್ಯೂ-ಯು ಜೋಡಿಯನ್ನು ತಂದು ಕೂರಿಸಿದರು. ಅದಕ್ಕೂ ಹಿಂದೆ ಹೋದರೆ ಕ್ಯೂ ಹುಟ್ಟಿದ್ದು ಫಿನೀಷಿಯನ್ ಲಿಪಿಯಲ್ಲಿ. ಗಂಟಲಿನ ಆಳದಿಂದ ಹೊರಡುವ ಒಂದು ಕಕಾರಕ್ಕೆ ಅದು ಗುರುತಾಗಿತ್ತು. ಅದೇ ಅಕ್ಷರದ ಹೀಬ್ರೂ ಹೆಸರು 'ಕೋಫ್': ಕ್ಯೂ-ಓ-ಪಿ-ಎಚ್. ಇದೂ ಆಟದಲ್ಲಿ ಸಲ್ಲುವ ಪದ, 18 ಅಂಕ. ಕ್ಯೂ ಕೈಗೆ ಬಂದರೆ ಕ್ಯೂವಿನ ಹೆಸರನ್ನೇ ಇಟ್ಟುಬಿಡಬಹುದು.

ಆ ಗಂಟಲ ಕಕಾರ ಅರಬ್ಬಿಯಲ್ಲಿ ಇಂದಿಗೂ ಇದೆ. ಸಾಧಾರಣ ಕಕಾರಕ್ಕೆ ಕೆ, ಇದಕ್ಕೆ ಕ್ಯೂ ಎಂದು ವಿದ್ವಾಂಸರು ಲಿಪ್ಯಂತರದಲ್ಲಿ ಭೇದ ಮಾಡಿದರು. ಅದರ ಫಲವೇ ನಮ್ಮ ಬಂಡವಾಳ. ಯೆಮನ್ನಿನಲ್ಲಿ ಜಗಿಯುವ ಎಲೆ ಕ್ಯೂ-ಎ-ಟಿ. ನ್ಯಾಯಾಧೀಶ ಕ್ಯೂ-ಎ-ಡಿ-ಐ. ಮುಖಂಡ ಕ್ಯೂ-ಎ-ಐ-ಡಿ. ಪೇಟೆ ಎಸ್-ಯು-ಕ್ಯೂ. ಸನ್ಯಾಸಿ ಎಫ್-ಎ-ಕ್ಯೂ-ಐ-ಆರ್. ನೆಲದಡಿಯ ನೀರಿನ ಕಾಲುವೆ ಕ್ಯೂ-ಎ-ಎನ್-ಎ-ಟಿ. ಆದರೆ ಊರೂರು ಸುತ್ತಿ ಬಂದ ಪ್ರವಾಸಿಗಳು, ವ್ಯಾಪಾರಿಗಳು ವಿದ್ವಾಂಸರನ್ನು ಕೇಳಿ ಬರೆದವರಲ್ಲ. ಕಿವಿಗೆ ಬಿದ್ದಂತೆ ಬರೆದರು. ಹಾಗಾಗಿ ಆ ನ್ಯಾಯಾಧೀಶ ಸಿ-ಎ-ಡಿ-ಐ ಕೂಡ ಹೌದು, ಕೆ-ಎ-ಡಿ-ಐ ಕೂಡ ಹೌದು. ಎಲೆಗೆ ಕೆ-ಎ-ಟಿ, ಕೆ-ಎಚ್-ಎ-ಟಿ ಎಂಬ ರೂಪಗಳೂ ಇವೆ. ಫಕೀರನಿಗೆ ಕೆ ಹಾಕಿದ ರೂಪ, ಕ್ಯೂ ಹಾಕಿದ ರೂಪ, ಕ್ಯೂ ಮತ್ತು ಯು ಎರಡೂ ಹಾಕಿದ ರೂಪ, ಎರಡು ಇ ಹಾಕಿದ ರೂಪ, ಎಲ್ಲವೂ ಅಧಿಕೃತ. ಕೈಯಲ್ಲಿ ಯಾವ ಬಿಲ್ಲೆ ಇದೆಯೋ ಆ ಫಕೀರ.

ಇನುಯಿಟ್ ಭಾಷೆಗಳಲ್ಲೂ ಇದೇ ಗಂಟಲ ಕಕಾರವಿದೆ, ಅವರೂ ಕ್ಯೂ ಬಳಸುತ್ತಾರೆ. ಚರ್ಮ ಹೊದಿಸಿದ ದೊಡ್ಡ ದೋಣಿ 'ಉಮಿಯಾಕ್' ಕೊನೆಗೆ ಕ್ಯೂ ಹಾಕಿದರೂ ನಡೆಯುತ್ತದೆ, ಕೆ ಹಾಕಿದರೂ, ಸಿ ಹಾಕಿದರೂ, ಸಿ-ಕೆ ಹಾಕಿದರೂ. ಮರುಭೂಮಿಯ ಭಾಷೆಗೂ ಹಿಮದ ಭಾಷೆಗೂ ಒಂದೇ ಅಕ್ಷರ ಒಂದೇ ಸದ್ದಿಗೆ ಒದಗಿಬಂದದ್ದು ನನಗೆ ತುಂಬ ಇಷ್ಟವಾದ ಸಂಗತಿ.

ಚೀನೀ ಕ್ಯೂ ಬೇರೆಯೇ. ಪ್ರಾಣಶಕ್ತಿ ಎಂಬ ಅರ್ಥದ ಪದದ ಉಚ್ಚಾರ 'ಛೀ'ಗೆ ಹತ್ತಿರ. ಹಳೆಯ ಲಿಪ್ಯಂತರದಲ್ಲಿ ಅದನ್ನು ಸಿ-ಎಚ್-ಐ ಎಂದೇ ಬರೆಯುತ್ತಿದ್ದರು. 1958ರಲ್ಲಿ ಚೀನಾ ಪಿನ್‌ಯಿನ್ ಎಂಬ ರೋಮನ್ ಬರವಣಿಗೆಯನ್ನು ಜಾರಿಗೆ ತಂದಿತು, 1982ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಚಕಾರದಂಥ ಒಂದು ಸದ್ದಿಗೆ ಪಿನ್‌ಯಿನ್ ರೂಪಿಸಿದವರು ಕ್ಯೂ ಬಳಸಿದರು. ಅವರ ತಲೆಯಲ್ಲಿ ಪದದಾಟ ಇರಲು ಸಾಧ್ಯವೇ ಇಲ್ಲ. ಆದರೆ ಅವರ ಆ ಆಯ್ಕೆಯಿಂದ 8 ಅಂಕದ ಮೂರಕ್ಷರದ ಪದಕ್ಕೆ 11 ಅಂಕದ ಎರಡಕ್ಷರದ ಜೊತೆಗಾರ ಸಿಕ್ಕಿತು. ಉತ್ತರ ಅಮೆರಿಕದ ಪಂದ್ಯಗಳಲ್ಲಿ ಕ್ಯೂ-ಐ ಸಲ್ಲತೊಡಗಿದ್ದು 2006ರಲ್ಲಿ. ಈಗ ಅತಿ ಹೆಚ್ಚು ಸಲ ಬೋರ್ಡಿಗೆ ಬೀಳುವ ಪದಗಳಲ್ಲಿ ಅದೂ ಒಂದು.

ಅದರ ತಾಕತ್ತು ನೋಡಿ. ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆಯೊಂದು ಖಾಲಿ ಇದೆ. ಅದರ ಬಲಕ್ಕೆ ಒಂದು ಐ, ಕೆಳಗೆ ಇನ್ನೊಂದು ಐ ಇದೆ ಅಂದುಕೊಳ್ಳಿ. ಆ ಮನೆಯಲ್ಲಿ ಕ್ಯೂ ಇಟ್ಟರೆ ಅಡ್ಡಕ್ಕೂ ಕ್ಯೂ-ಐ, ಉದ್ದಕ್ಕೂ ಕ್ಯೂ-ಐ. ಅಡ್ಡಕ್ಕೆ 30 ಮತ್ತು 1 ಸೇರಿ 31, ಉದ್ದಕ್ಕೆ ಮತ್ತೆ 31. ಒಂದೇ ಒಂದು ಬಿಲ್ಲೆಗೆ 62 ಅಂಕ. ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದವರಿಗೆ ಸಿಗುವ ಬೋನಸ್ಸೇ 50.

ಕ್ಯೂ ಇನ್ನೂ ಎಲ್ಲೆಲ್ಲಿ ಅಲೆದಿದೆ ಅಂದರೆ, ಆಲ್ಬೇನಿಯದಲ್ಲಿ ಅದು ನಾಲಿಗೆ ಅಂಗುಳಕ್ಕೆ ಒತ್ತಿ ಬರುವ ಒಂದು ವ್ಯಂಜನ. ಅಲ್ಲಿನ ಚಿಲ್ಲರೆ ನಾಣ್ಯ 'ಕಿಂದಾರ್' ಕ್ಯೂನಿಂದ ಶುರು. ಜುಲು ಭಾಷೆಯಲ್ಲಿ ಅದು ನಾಲಿಗೆ ಚಟಕ್ಕೆನ್ನಿಸುವ ಸದ್ದು. ದಕ್ಷಿಣ ಆಫ್ರಿಕದ ಸಂಗೀತ ಪ್ರಕಾರ 'ಉಂಬಕಾಂಗಾ'ದ ನಡುವೆ ಆ ಕ್ಯೂ ಇದೆ. ಅಜರ್‌ಬೈಜಾನಿನಲ್ಲಿ ಕ್ಯೂ ಅಂದರೆ ಗಕಾರ. ಇಷ್ಟು ಭಾಷೆಗಳು ಒಂದು ಅಕ್ಷರವನ್ನು ಇಷ್ಟು ಬಗೆಯಲ್ಲಿ ದುಡಿಸಿವೆ, ಬೋರ್ಡಿನ ಮೇಲೆ ಎಲ್ಲಕ್ಕೂ ಒಂದೇ ಬೆಲೆ.

ಅಜರ್‌ಬೈಜಾನಿನ ನಾಣ್ಯದ ಬಗ್ಗೆ ಎರಡು ಮಾತು ಹೇಳಲೇಬೇಕು. ನಾಣ್ಯಗಳ ಹೆಸರು ಆಟಗಾರರಿಗೆ ದೊಡ್ಡ ಗಣಿ. ದೇಶದ ಹೆಸರು ಸಲ್ಲುವುದಿಲ್ಲ, ಊರಿನ ಹೆಸರು ಸಲ್ಲುವುದಿಲ್ಲ, ಆದರೆ ದೇಶದ ದುಡ್ಡಿನ ಹೆಸರು ಸಾಮಾನ್ಯ ನಾಮಪದ. ರಷ್ಯಾದ 'ಕೊಪೆಕ್' ಗೊತ್ತಲ್ಲ. ಕೆ-ಓ-ಪಿ-ಇ-ಕೆ ಎಂದು ಇಡಬೇಕೆಂದರೆ ಎರಡು ಕೆ ಬೇಕು, ಸೆಟ್ಟಿನಲ್ಲಿ ಇರುವುದು ಒಂದೇ. ಯಾವ ಅಕ್ಷರವಾಗಿಯೂ ನಡೆಯುವ ಖಾಲಿ ಬಿಲ್ಲೆಯನ್ನು ಅದಕ್ಕೆ ಸುಟ್ಟುಕೊಳ್ಳಬೇಕು. ಅದೇ ಪದ ಅಜರ್‌ಬೈಜಾನಿಗೆ ಹೋಗಿ, ಸೋವಿಯತ್ ಒಕ್ಕೂಟ ಮುರಿದ ಮೇಲೆ ರೋಮನ್ ಲಿಪಿಗೆ ಬದಲಾಗಿ, ಕ್ಯೂ-ಎ-ಪಿ-ಐ-ಕೆ ಆಯಿತು. 20 ಅಂಕ, ಯು ಬೇಡ, ಎರಡನೇ ಕೆಯೂ ಬೇಡ. 2018ರಲ್ಲಿ ಅಮೆರಿಕದ ಆಟಗಾರರ ನಿಘಂಟಿಗೆ ಸೇರಿದೆ. ಅದೇ ವರ್ಷ ಓ-ಕೆ ಕೂಡ ಸೇರಿತು. ಜಗತ್ತೆಲ್ಲ ದಿನಕ್ಕೆ ನೂರು ಸಲ ಹೇಳುವ ಓಕೆ ಮತ್ತು ಅಜರ್‌ಬೈಜಾನಿನ ಚಿಲ್ಲರೆ ಕಾಸು ಒಂದೇ ಆವೃತ್ತಿಯಲ್ಲಿ ಒಳಗೆ ಬಂದವು. ಪಟ್ಟಿಗೆ ಬಳಕೆಯ ಲೆಕ್ಕ ಬೇರೆಯೇ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ನಾಣ್ಯದ ಪ್ರಯಾಣ ಇದಕ್ಕಿಂತ ಸೊಗಸು. ರೋಮನ್ನರ ಚಿನ್ನದ ನಾಣ್ಯ 'ಸಾಲಿಡಸ್'. ಅದು ಸವೆದು ಫ್ರೆಂಚಿನಲ್ಲಿ 'ಸೂ' ಆಯಿತು: ಎಸ್-ಓ-ಯು. ಫ್ರೆಂಚರು ವಿಯೆಟ್ನಾಮ್ ಆಳಿದಾಗ ಸೂ ಅಲ್ಲಿಗೆ ಹೋಯಿತು. ವಿಯೆಟ್ನಾಮಿನ ರೋಮನ್ ಬರವಣಿಗೆಯನ್ನು ಅದಕ್ಕೆ ಎಷ್ಟೋ ಮುಂಚೆ, 17ನೇ ಶತಮಾನದಲ್ಲಿ, ಪೋರ್ಚುಗೀಸ್ ರೂಢಿ ಬಲ್ಲ ಪಾದ್ರಿಗಳು ರೂಪಿಸಿದ್ದರು. ಅಲ್ಲಿ ಈ ಸದ್ದಿಗೆ ಎಕ್ಸ್ ನಿಗದಿಯಾಗಿತ್ತು. ಹಾಗಾಗಿ ಸೂ ಹೋಗಿ ಎಕ್ಸ್-ಯು ಆಯಿತು. ಮೂರೂ ಇಂದು ಆಟದಲ್ಲಿ ಸಲ್ಲುತ್ತವೆ. ಎಸ್-ಓ-ಯು 3 ಅಂಕ, ಎಕ್ಸ್-ಯು 9. ಹಡಗು ಹತ್ತಿ ಹೋಗಿಬಂದ ಕಾಸಿಗೆ ಮೂರು ಪಟ್ಟು ಬೆಲೆ ಬಂದ ಹಾಗಾಯಿತು.

ಭಾರತದ ಭಾಷೆಗಳಿಂದ ಹೋದ ಪದಗಳ ಕಥೆಯೂ ಕಾಗುಣಿತದ ಕಥೆಯೇ. ಬ್ರಿಟಿಷರು ಮೊದಮೊದಲು ಕೇಳಿದ್ದನ್ನು ಇಂಗ್ಲಿಷ್ ಅಭ್ಯಾಸದಂತೆ ಬರೆದರು: ದೀರ್ಘ ಈಕಾರಕ್ಕೆ ಎರಡು ಇ, ಊಕಾರಕ್ಕೆ ಎರಡು ಓ. 19ನೇ ಶತಮಾನದ ಉತ್ತರಾರ್ಧದಲ್ಲಿ ವಿಲಿಯಂ ವಿಲ್ಸನ್ ಹಂಟರ್ ಹೆಸರಿನ ಲಿಪ್ಯಂತರ ಪದ್ಧತಿ ಸರ್ಕಾರಿ ಮಾನ್ಯತೆ ಪಡೆಯಿತು. ಅಲ್ಲಿಂದ ಮುಂದೆ ಐ, ಯು ಹೆಚ್ಚು ಬಂದವು. ಹೊಸದು ಬಂದಿತೆಂದು ನಿಘಂಟು ಹಳೆಯದನ್ನು ಎಸೆಯುವುದಿಲ್ಲ. ಹಾಗಾಗಿ ರಾಣಿಗೆ ನಾಲ್ಕಕ್ಷರದ ರೂಪವೂ ಇದೆ, ಎರಡು ಇ ಇರುವ ಐದಕ್ಷರದ ರೂಪವೂ ಇದೆ. ಸೀರೆಗೂ ಹಾಗೆಯೇ. ಲಕ್ಷಕ್ಕೆ ಎಲ್-ಎ-ಕೆ-ಎಚ್ ಮತ್ತು ಎಲ್-ಎ-ಸಿ ಎರಡೂ ಸರಿ. ಎಲ್ಲಕ್ಕಿಂತ ಮಜಾ ಇರುವುದು ಧೋತಿಯಲ್ಲಿ. ಸಾಧಾರಣ ಐದಕ್ಷರದ ರೂಪ, ಯು ಹಾಕಿದ ಐದಕ್ಷರದ ರೂಪ, ಎರಡು ಓ ಹಾಕಿದ ಆರಕ್ಷರದ ರೂಪ, ಕೊನೆಗೆ ಇನ್ನೊಂದು ಇ ಅಂಟಿಸಿಕೊಂಡ ಡಿ-ಎಚ್-ಓ-ಓ-ಟಿ-ಐ-ಇ. ಆ ಕೊನೆಯದನ್ನು ಇಂದು ಯಾರೂ ಹಾಗೆ ಬರೆಯುವುದಿಲ್ಲ, ಧೋತಿ ಉಡುವವರಂತೂ ಬರೆಯುವುದೇ ಇಲ್ಲ. ಆದರೆ ಎಣಿಸಿ ನೋಡಿ, ಸರಿಯಾಗಿ ಏಳಕ್ಷರ. ಕೈಯ ಏಳೂ ಬಿಲ್ಲೆ ಅದೇ ಆಗಿದ್ದರೆ 11ಕ್ಕೆ 50 ಸೇರಿ 61.

ಇಲ್ಲಿ ನಮಗೊಂದು ತೊಡಕೂ ಇದೆ. ನಮಗೆ ಪರಿಚಯದ ಪದ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಅನ್ನುವ ಧೈರ್ಯ, ನಮಗೆ ಪರಿಚಯದ ಕಾಗುಣಿತವೇ ಅಲ್ಲಿರುತ್ತದೆ ಅನ್ನುವ ಧೈರ್ಯ. ಎರಡನ್ನೂ ನಂಬಬೇಡಿ. ಪಟ್ಟಿಯಲ್ಲಿರುವುದು ಯಾವುದೋ ಕಾಲದ ಯಾವನೋ ಗುಮಾಸ್ತ ಬರೆದ ಕಾಗುಣಿತ. ಅಂದಹಾಗೆ ಕಾಡುನಾಯಿಗೆ ಇಂಗ್ಲಿಷಿನಲ್ಲಿ ಡಿ-ಎಚ್-ಓ-ಎಲ್-ಇ ಎಂಬ ಪದವಿದೆ. ಅದು ಕನ್ನಡದ ತೋಳದಿಂದ ಬಂದಿರಬಹುದು ಎಂದು ನಿಘಂಟೊಂದು ಊಹಿಸಿದೆ. ನಿಜವಾಗಿದ್ದರೆ ತೋಳ ಅಲ್ಲಿಗೆ ಹೋಗಿ ನಾಯಿಯಾಗಿದೆ.

ಟಿಬೆಟಿನ ಕಡೆ ಚಮರೀಮೃಗಕ್ಕೂ ಹಸುವಿಗೂ ಹುಟ್ಟುವ ಮಿಶ್ರತಳಿಯ ಪ್ರಾಣಿಯೊಂದಿದೆ. ಕಾಲಿನ್ಸ್ ಪಟ್ಟಿಯಲ್ಲಿ ಅದರ ಹೆಸರಿನ ಕಾಗುಣಿತ ಐದು: ಝಡ್-ಓ, ಝಡ್-ಎಚ್-ಓ, ಡಿ-ಝಡ್-ಓ, ಡಿ-ಎಸ್-ಓ, ಡಿ-ಝಡ್-ಎಚ್-ಓ. ಟಿಬೆಟನ್ ಬರಹದ ಒಂದು ವ್ಯಂಜನಗುಚ್ಛವನ್ನು ರೋಮನ್ನಿಗೆ ಇಳಿಸುವಾಗ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದದ್ದರ ಫಲ. ಈ ಪ್ರಾಣಿಯನ್ನು ಕಂಡವರಿಗಿಂತ ಬೋರ್ಡಿನ ಮೇಲೆ ಇಟ್ಟವರೇ ಜಗತ್ತಿನಲ್ಲಿ ಹೆಚ್ಚಿರಬೇಕು.

ಕಾಗುಣಿತದ ಒಂದು ಅಕ್ಷರ ಎಷ್ಟು ವ್ಯತ್ಯಾಸ ಮಾಡಬಹುದು? 1982ರಲ್ಲಿ ಮ್ಯಾಂಚೆಸ್ಟರಿನ ಪಂದ್ಯವೊಂದರಲ್ಲಿ ಡಾ. ಕಾರ್ಲ್ ಖೋಶ್‌ನಾವ್ ಒಂದೇ ಸರದಿಯಲ್ಲಿ 392 ಅಂಕ ಗಳಿಸಿದರು. ದಾಖಲೆಯಾಗಿ ಇಂದಿಗೂ ಹೇಳಿಕೊಳ್ಳುವ ಪದ ಅದು, 'ಕಝೀಕ್ಸ್': ಸಿ-ಎ-ಝಡ್-ಐ-ಕ್ಯೂ-ಯು-ಇ-ಎಸ್. ಕೆರಿಬಿಯನ್ ದ್ವೀಪಗಳ ಟೈನೊ ಜನರ ಭಾಷೆಯಲ್ಲಿ ಬುಡಕಟ್ಟಿನ ನಾಯಕನಿಗೆ ಇದ್ದ ಪದ, ಸ್ಪ್ಯಾನಿಷರ ಮೂಲಕ ಬಂದದ್ದು. ಅಕ್ಷರಗಳ ಮೊತ್ತ 28. ಬೋರ್ಡಿನ ಅಂಚಿನ ಸಾಲಿನಲ್ಲಿ, ಇಡೀ ಪದಕ್ಕೆ ಮೂರು ಪಟ್ಟು ಕೊಡುವ ಎರಡು ಮನೆಗಳನ್ನು ಮುಟ್ಟುವಂತೆ, ಆಗಲೇ ಅಲ್ಲಿರುವ ಒಂದು ಅಕ್ಷರ ಸೇರಿ ಎಂಟಕ್ಷರದ ಪದ ಮಾಡಿದರೆ ಒಟ್ಟು ಒಂಬತ್ತು ಪಟ್ಟು. ನಡುವೆ ಅಕ್ಷರಕ್ಕೆ ಇಮ್ಮಡಿ ಕೊಡುವ ಮನೆಯಿದೆ, ಅದರ ಮೇಲೆ ಕ್ಯೂ ಕೂತರೆ 28 ಹೋಗಿ 38. ಒಂಬತ್ತು ಪಟ್ಟು 342, ಏಳು ಬಿಲ್ಲೆಯ ಬೋನಸ್ 50, ಒಟ್ಟು 392. ಈ ಪದದ ಹೆಚ್ಚು ಬಳಕೆಯ ಕಾಗುಣಿತದಲ್ಲಿ ಝಡ್ ಇಲ್ಲ, ಅಲ್ಲಿ ಇನ್ನೊಂದು ಸಿ ಇದೆ. ಅದನ್ನೇ ಅದೇ ಜಾಗದಲ್ಲಿ ಇಟ್ಟಿದ್ದರೆ 329. ಹಳೆಯ ಕಾಗುಣಿತಕ್ಕೆ ಸಿಕ್ಕ ಹೆಚ್ಚುವರಿ ಅಂಕ 63.

ದೊಡ್ಡ ಅಂಕಗಳ ಮಾತು ಸಾಕು. ಎರವಲು ಪದಗಳು ಹೆಚ್ಚಾಗಿ ಕೆಲಸಕ್ಕೆ ಬರುವುದು ಕೈ ಕೆಟ್ಟಾಗ. ಕೈಯಲ್ಲಿ ಬರೀ ಸ್ವರ ತುಂಬಿಕೊಂಡಾಗ ಹವಾಯಿಯ ಒರಟು ಲಾವಾ ಎ-ಎ ಇದೆ. ಹವಾಯಿ ಭಾಷೆಯಲ್ಲಿ ಆ ಎರಡು ಸ್ವರಗಳ ನಡುವೆ ಗಂಟಲು ಬಿಗಿಯುವ ಒಂದು ತಡೆಯಿದೆ, ಅದಕ್ಕೊಂದು ಚಿಹ್ನೆಯೂ ಇದೆ. ಇಂಗ್ಲಿಷ್ ನಿಘಂಟು ಅದನ್ನು ಕೈಬಿಟ್ಟದ್ದರಿಂದ ಆಟಕ್ಕೆ ದಕ್ಕಿತು. ದಕ್ಷಿಣ ಅಮೆರಿಕದ ತುಪಿ ಭಾಷೆಯಿಂದ ಬಂದ ಎ-ಐ ಅಂದರೆ ಮೂರು ಬೆರಳಿನ ಸ್ಲಾತ್ ಎಂಬ ಪ್ರಾಣಿ. ಫೆರೋ ದ್ವೀಪಗಳ ಸುಂಟರಗಾಳಿ ಓ-ಇ.

ಸ್ವರಗಳಲ್ಲಿ ಪರಮಾವಧಿ ಕಾಲಿನ್ಸ್ ಪಟ್ಟಿಯಲ್ಲಿರುವ ಆರಕ್ಷರದ ಪದ: ಇ-ಯು-ಓ-ಯು-ಎ-ಇ. ಒಂದೂ ವ್ಯಂಜನವಿಲ್ಲ. ಇದು ಯಾವ ಭಾಷೆಯ ಪದ ಎಂದು ಕೇಳಿದರೆ ಉತ್ತರ ಕಷ್ಟ, ಇದು ಪದವೇ ಅಲ್ಲ. ಚರ್ಚುಗಳಲ್ಲಿ ಕೀರ್ತನೆಯ ಕೊನೆಗೆ ಹಾಡುವ ಲ್ಯಾಟಿನ್ ಸ್ತುತಿ 'ಸೆಕ್ಯುಲೋರುಮ್ ಆಮೆನ್' ಎಂದು ಮುಗಿಯುತ್ತದೆ. ಆ ಎರಡು ಪದಗಳ ವ್ಯಂಜನಗಳನ್ನೆಲ್ಲ ಕಿತ್ತು ಸ್ವರಗಳನ್ನು ಮಾತ್ರ ಸಾಲಾಗಿ ಬರೆದರೆ ಇದು ಬರುತ್ತದೆ. ಮಧ್ಯಯುಗದ ಹಾಡಿನ ಹಸ್ತಪ್ರತಿಗಳಲ್ಲಿ ಮುಕ್ತಾಯದ ರಾಗ ಹೇಗೆ ಎಂದು ತೋರಿಸಲು, ಪ್ರತಿ ಸಲ ಪೂರ್ತಿ ಬರೆಯುವ ಬದಲು, ಸಂಗೀತದ ಸ್ವರಚಿಹ್ನೆಗಳ ಕೆಳಗೆ ಇಷ್ಟನ್ನೇ ಬರೆಯುತ್ತಿದ್ದರು. ಆ ಗುರುತಿಗೇ ಒಂದು ಹೆಸರಾಗಿ, ನಿಘಂಟಿಗೆ ಬಂದು, ಈಗ ಎಸ್ ಸೇರಿಸಿಕೊಂಡು ಬಹುವಚನವನ್ನೂ ಪಡೆದಿದೆ. ಇಟ್ಟರೆ ಸಿಗುವುದು ಬರೀ 6 ಅಂಕ. ಆದರೆ ಕೊಳೆತ ಕೈ ಒಂದೇ ಏಟಿಗೆ ತೊಳೆದುಹೋಗುತ್ತದೆ.

ಉಲ್ಟಾ ಕಷ್ಟಕ್ಕೆ, ಅಂದರೆ ಸ್ವರವೇ ಇಲ್ಲದ ಕೈಗೆ, ವೆಲ್ಷ್ ಭಾಷೆ ಒದಗುತ್ತದೆ. ಅಲ್ಲಿ ಡಬ್ಲ್ಯೂ ಸ್ವರವಾಗಿ ಉಕಾರದ ಕೆಲಸ ಮಾಡುತ್ತದೆ. ಸಿ-ಡಬ್ಲ್ಯೂ-ಎಮ್, ಉಚ್ಚಾರ 'ಕೂಮ್', ಬೆಟ್ಟದ ಬಟ್ಟಲಿನಂಥ ಕಣಿವೆ. 10 ಅಂಕ. ಎವರೆಸ್ಟ್ ಹತ್ತುವವರು ದಾಟುವ ವೆಸ್ಟರ್ನ್ ಕೂಮ್‌ಗೆ 1921ರಲ್ಲಿ ಆ ಹೆಸರಿಟ್ಟದ್ದು ಜಾರ್ಜ್ ಮಲೋರಿ. ಸಿ-ಆರ್-ಡಬ್ಲ್ಯೂ-ಟಿ-ಎಚ್ ಒಂದು ಹಳೆಯ ತಂತಿವಾದ್ಯ, ಉಚ್ಚಾರ 'ಕ್ರೂತ್'.

ಒಮ್ಮೆ ಒಳಗೆ ಬಂದ ಮೇಲೆ ಈ ಪದಗಳು ಇಂಗ್ಲಿಷ್ ವ್ಯಾಕರಣಕ್ಕೆ ತಲೆಬಾಗುತ್ತವೆ, ಸಾಮಾನ್ಯವಾಗಿ ಎಸ್ ಹಾಕಿ ಬಹುವಚನ ಮಾಡಬಹುದು. ಕೆಲವು ಮಾತ್ರ ತವರಿನ ಬಹುವಚನವನ್ನೂ ಜೊತೆಗೆ ತಂದಿವೆ. ಆಲ್ಬೇನಿಯದ ಕಿಂದಾರ್ ಬಹುವಚನದಲ್ಲಿ 'ಕಿಂದಾರ್ಕಾ'. ನೀವು ಕಷ್ಟಪಟ್ಟು ಆರಕ್ಷರ ಇಟ್ಟರೆ ಎದುರಾಳಿ ಕೊನೆಗೆ ಕೆ-ಎ ಅಂಟಿಸಿ ನಿಮ್ಮ ಕ್ಯೂವಿನ ಅಂಕವನ್ನೂ ಸೇರಿಸಿ ಎಣಿಸಿಕೊಳ್ಳಬಹುದು.

ಬೇರೆ ಪದದಾಟಗಳಲ್ಲಿ ಈ ಪದಗಳ ಗತಿ ಬೇರೆ. ಅಕ್ಷರದ ದಾಳಗಳ ಆಟ ಬಾಗಲ್‌ನ ಸಾಮಾನ್ಯ ಸೆಟ್ಟಿನಲ್ಲಿ ದಾಳದ ಮುಖದ ಮೇಲೆ ಕ್ಯೂ-ಯು ಜೋಡಿಯಾಗಿಯೇ ಅಚ್ಚಾಗಿರುತ್ತದೆ, ಈವರೆಗೆ ಹೇಳಿದ ಕ್ಯೂ ವಿದ್ಯೆಯೆಲ್ಲ ಅಲ್ಲಿ ದಂಡ. ಐದಕ್ಷರದ ಗುಟ್ಟಿನ ಪದ ಊಹಿಸುವ ವರ್ಡಲ್‌ನಲ್ಲಿ, ಅದನ್ನು ರೂಪಿಸಿದ ಜಾಶ್ ವಾರ್ಡಲ್ ಆರಂಭದಲ್ಲಿ ಇಟ್ಟ ಉತ್ತರಗಳ ಪಟ್ಟಿ ಸುಮಾರು 2,300 ಪದಗಳದ್ದು, ಎಲ್ಲ ಪರಿಚಿತ ಪದಗಳು. ಅಲ್ಲಿ ಅಪರೂಪದ ಪದ ಊಹೆಗೆ ಸಲ್ಲಬಹುದು, ಉತ್ತರವಾಗುವುದು ವಿರಳ. ಆದರೂ ಮೊದಲ ಊಹೆಗೆ ಅತಿ ಹೆಚ್ಚು ಜನ ಬಳಸುವ ಪದ ಫ್ರೆಂಚಿನ 'ಅಡ್ಯೂ': ಎ-ಡಿ-ಐ-ಇ-ಯು, ನಾಲ್ಕು ಸ್ವರ ಒಟ್ಟಿಗೆ ಸಿಗುತ್ತವೆ ಎಂಬ ಆಸೆಗೆ. ನನ್ನ ಮಟ್ಟಿಗೆ ಅದು ಒಳ್ಳೆಯ ಆರಂಭವಲ್ಲ, ಪದದ ಗುಟ್ಟು ಒಡೆಯುವುದು ವ್ಯಂಜನಗಳಿಂದ. ಇನ್ನು ಅಮೆರಿಕದ ಪದಬಂಧಗಳಲ್ಲಿ ಅಂಕದ ಮಾತೇ ಇಲ್ಲ. ಅಲ್ಲಿ ಬೇಕಾದದ್ದು ಸ್ವರ ವ್ಯಂಜನ ಬೆರೆತ, ಮೂಲೆಯಲ್ಲಿ ಸುಲಭವಾಗಿ ಕೂರುವ ಚಿಕ್ಕ ಪದಗಳು. ರಾಗ, ರಾಣಿ, ಸೀರೆಯ ಎಸ್-ಎ-ಆರ್-ಐ, ಫ್ರೆಂಚಿನ ಸೂಜಿಪೆಟ್ಟಿಗೆ ಇ-ಟಿ-ಯು-ಐ, ಕತ್ತಿ ಇ-ಪಿ-ಇ-ಇ ಅಲ್ಲಿ ಮತ್ತೆ ಮತ್ತೆ ಬರುತ್ತವೆ.

ಕೊನೆಯಲ್ಲಿ ಸಭೆಯಿಂದ ಎರಡು ಪ್ರಶ್ನೆ ಬಂದವು. ಅವನ್ನೂ ಸೇರಿಸುತ್ತೇನೆ.

ಮೊದಲನೆಯದು: "ಸರ್, ಇಷ್ಟೆಲ್ಲ ಅರ್ಥ, ಮೂಲ ಗೊತ್ತಿರಬೇಕಾ? ಉರು ಹೊಡೆದರೆ ಸಾಲದಾ?"

ಗೆಲ್ಲುವುದಕ್ಕಾದರೆ ಸಾಕು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಐದು ಸಲ ಇಂಗ್ಲಿಷ್ ವಿಶ್ವ ಚಾಂಪಿಯನ್. ಅವರು 2015ರಲ್ಲಿ ಬೆಲ್ಜಿಯಮ್ಮಿಗೆ ಹೋಗಿ ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು, ಫ್ರೆಂಚ್ ಮಾತನಾಡಲು ಬಾರದೆ. ಪದಗಳನ್ನು ಚಿತ್ರದಂತೆ ತಲೆಯಲ್ಲಿ ತುಂಬಿಕೊಂಡಿದ್ದರು. 2024ರಲ್ಲಿ ಸ್ಪ್ಯಾನಿಷಿನಲ್ಲೂ ಹಾಗೆಯೇ ಗೆದ್ದರು. ಆದರೆ ನಾವೆಲ್ಲ ಅವರಲ್ಲವಲ್ಲ. ಸಾಧಾರಣ ನೆನಪಿನವರಿಗೆ ಪದದ ಊರು ಗೊತ್ತಿದ್ದರೆ ಕಾಗುಣಿತ ಊಹಿಸಬಹುದು. ಅರಬ್ಬಿ ಅಂದರೆ ಕ್ಯೂ, ಕೆ, ಸಿ ಮೂರರಲ್ಲೂ ಹುಡುಕಿ. ಪಿನ್‌ಯಿನ್ ಅಂದರೆ ಕ್ಯೂ ಜಾಗದಲ್ಲಿ ಕೆ ಬರುವುದಿಲ್ಲ, ಹಳೆಯ ರೂಪವಿದ್ದರೆ ಸಿ-ಎಚ್ ನೋಡಿ. ಬ್ರಿಟಿಷ್ ಆಳ್ವಿಕೆಯ ಭಾರತದ ಪದ ಅಂದರೆ ಎರಡು ಇ, ಎರಡು ಓ ಇರುವ ರೂಪವೂ ಇದೆಯೇ ಎಂದು ಕಣ್ಣಾಡಿಸಿ.

ಎರಡನೆಯದು: "ಎಲ್ಲಿಂದ ಶುರು ಮಾಡಬೇಕು?"

ಎರಡಕ್ಷರದ ಪದಗಳಿಂದ. ಕಾಲಿನ್ಸ್‌ನಲ್ಲಿ ಸುಮಾರು 130 ಇವೆ, ಅಮೆರಿಕದ ಪಟ್ಟಿಯಲ್ಲಿ ನೂರಕ್ಕೆ ಸ್ವಲ್ಪ ಮೇಲೆ. ಅವು ಬಾಯಿಗೆ ಬಂದ ಮೇಲೆ ಯು ಬೇಡದ ಕ್ಯೂ ಪದಗಳಲ್ಲಿ ಮೂರು, ನಾಲ್ಕಕ್ಷರದವು. ಕಿಂದಾರ್ಕಾ, ಉಂಬಕಾಂಗಾ ಆಮೇಲೆ ನೋಡಿಕೊಂಡರಾಯಿತು, ವರ್ಷಕ್ಕೊಮ್ಮೆಯೂ ಅವಕಾಶ ಬರುವುದಿಲ್ಲ. ಮತ್ತೆ, ಆಡಲು ಕೂರುವ ಮುಂಚೆ ಯಾವ ಪಟ್ಟಿ ಎಂದು ಇಬ್ಬರೂ ಮಾತಾಡಿಕೊಳ್ಳಿ. ಝಡ್-ಓ ಕಾಲಿನ್ಸ್‌ನಲ್ಲಿ ಸರಿ, ಅಮೆರಿಕದ ಪಟ್ಟಿಯಲ್ಲಿ ತಪ್ಪು. ಆರು ಸ್ವರದ ಆ ಪದವೂ ಅಷ್ಟೆ. ಎದುರಾಳಿ ಪದವನ್ನು ಪ್ರಶ್ನಿಸಿ ಗೆದ್ದರೆ ನಿಮ್ಮ ಬಿಲ್ಲೆಗಳೂ ವಾಪಸ್, ಸರದಿಯೂ ಹೋಯಿತು.